ಏರುವಾಗ ಗೌರಿಮನೋಹರಿ, ಇಳಿಯುವಾಗ ನಟಭೈರವಿ

ಮಂಗಳೂರಿನಲ್ಲಿ ವಯೋಲಾ ಹಿಡಿದು ಓಡಾಡುವವನ ಜೇಬಿನಲ್ಲಿ ಬಸ್ಸಿನ ಚಿಲ್ಲರೆಯ ಜೊತೆಗೆ ಒಂದು ಸಿದ್ಧ ವಿವರಣೆಯೂ ಇರಬೇಕು. ಪೆಟ್ಟಿಗೆ ನೋಡಿದವರೆಲ್ಲ ಒಳಗಿರುವುದು ಪಿಟೀಲು ಎಂದೇ ತಿಳಿಯುತ್ತಾರೆ. ಅಲ್ಲ ಎಂದರೆ ಗಿಟಾರ್ ಎನ್ನುತ್ತಾರೆ. ಅದೂ ಅಲ್ಲ ಎಂದರೆ ನಮ್ಮನ್ನೇ ಸಂಶಯದಿಂದ ನೋಡುತ್ತಾರೆ. ಕದ್ರಿಯ ನಮ್ಮ ರಸ್ತೆಯ ರಿಕ್ಷಾ ಸ್ಟ್ಯಾಂಡಿನಲ್ಲಿ ಒಮ್ಮೆ ಪೆಟ್ಟಿಗೆ ತೆರೆದು ತೋರಿಸಿದಾಗ ಹಿರಿಯ ಚಾಲಕರೊಬ್ಬರು ತಲೆಯಿಂದ ಬುಡದವರೆಗೆ ನೋಡಿ, "ಪಿಟೀಲೇ ಮಾರಾಯ್ರೆ, ಸ್ವಲ್ಪ ಬಾವು ಬಂದಿದೆ ಅಷ್ಟೆ" ಎಂದು ತೀರ್ಪು ಕೊಟ್ಟರು. ಇಷ್ಟು ಚುಟುಕಾದ, ಇಷ್ಟು ಸರಿಯಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಪಿಟೀಲಿನ ಒಡಲು 14 ಇಂಚು. ವಯೋಲಾದ್ದು 15ರಿಂದ 17. ಪಿಟೀಲಿನ ಎತ್ತರದ ಇ ತಂತಿ ಇದರಲ್ಲಿಲ್ಲ. ಬದಲಿಗೆ ಕೆಳಗಡೆ ಸಿ ಎಂಬ ಒಂದು ದಪ್ಪ ತಂತಿ ಇದೆ. ಅದು ಕಮಾನು ತಾಗಿದ ಕೂಡಲೇ ಮಾತಾಡುವುದಿಲ್ಲ. ಸ್ವಲ್ಪ ಭಾರ ಹಾಕಿ, ನಿಧಾನವಾಗಿ ಎಳೆದು, ಮರ್ಯಾದೆಯಿಂದ ವಿಚಾರಿಸಿದರೆ ಮಾತ್ರ ಗಂಟಲು ಸರಿಪಡಿಸಿಕೊಂಡು ಒಂದು ಸ್ವರ ಹೊರಡಿಸುತ್ತದೆ.

ವಯೋಲಾದ ಈ ದುರ್ದೆಸೆ ಇಂದಿನದಲ್ಲ. ಕ್ವಾಂಟ್ಸ್ ಎಂಬ ಜರ್ಮನ್ ಕೊಳಲುವಾದಕ 1752ರಷ್ಟು ಹಿಂದೆಯೇ, ಸಂಗೀತದವರು ವಯೋಲಾವನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂದು ಬರೆದಿಟ್ಟಿದ್ದಾನೆ. ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ವಯೋಲಾದವರ ಮೇಲಿನ ನಗೆಹನಿಗಳದೇ ಒಂದು ಪ್ರತ್ಯೇಕ ಭಂಡಾರವಿದೆ. ಬಾಖ್ ಮತ್ತು ಮೊಜಾರ್ಟ್ ಇಬ್ಬರಿಗೂ ಗುಂಪಿನಲ್ಲಿ ವಯೋಲಾ ಹಿಡಿದು ಕೂರುವುದೇ ಇಷ್ಟವಾಗಿತ್ತು ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೆಯಲ್ಲಿ ನನ್ನ ಮಾನ ಉಳಿಸಿಕೊಳ್ಳಲು, ನಮ್ಮ ಬಾಲಮುರಳಿಕೃಷ್ಣ ಅವರೂ ವಯೋಲಾ ನುಡಿಸುತ್ತಿದ್ದರು ಎಂದು ಅತ್ತೆಗೆ ಹೇಳಿದೆ. "ಅವರು ಏನು ಬೇಕಾದರೂ ನುಡಿಸಿಯಾರು ಮಾಣಿ. ನೀನು ಮೊದಲು ಸರಳೆ ವರಸೆ ಸರಿಯಾಗಿ ನುಡಿಸು" ಎಂದರು.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಊರಿನ ಮಕ್ಕಳಿಗೆಲ್ಲ ಕರ್ನಾಟಕ ಸಂಗೀತ ಹೇಳಿಕೊಟ್ಟು, ಈಗ ವಯಸ್ಸಾಯಿತೆಂದು ಪಾಠ ನಿಲ್ಲಿಸಿ ನಮ್ಮ ಜೊತೆಗಿದ್ದಾರೆ. ಪಾಠ ನಿಲ್ಲಿಸಿದ್ದಾರೆಯೇ ಹೊರತು ಕಿವಿ ನಿಲ್ಲಿಸಿಲ್ಲ. ನಲವತ್ತು ದಾಟಿ, ತಲೆಗೂದಲು ಹಿಂದಕ್ಕೆ ಸರಿದ ಬ್ಯಾಂಕ್ ನೌಕರನಾದ ನಾನು ಅವರ ಪಾಲಿಗೆ ಇಂದಿಗೂ ಮಾಣಿ.

ನಾನು ಕಟ್ಟಿದ ವಯೋಲಾ ಪರೀಕ್ಷೆಯ ಸಂಗತಿಗೆ ಬರುತ್ತೇನೆ. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎಬಿಆರ್‌ಎಸ್‌ಎಂ ಎಂಬ ಸಂಗೀತ ಪರೀಕ್ಷಾ ಮಂಡಳಿ ಒಂದರಿಂದ ಎಂಟರವರೆಗೆ ಗ್ರೇಡ್ ಪರೀಕ್ಷೆ ನಡೆಸುತ್ತದೆ. ಒಟ್ಟು 150 ಅಂಕ, ಪಾಸಾಗಲು 100. ಮೊದಲೇ ಕಲಿತು ಬಂದ ಮೂರು ಪೀಸ್‌ಗಳಿಗೆ ತಲಾ 30, ಸ್ವರಗಳನ್ನು ಕ್ರಮವಾಗಿ ಏರಿ ಇಳಿಯುವ ಸ್ಕೇಲ್‌ಗಳಿಗೆ 21, ಮೊದಲ ಬಾರಿಗೆ ಕಂಡ ಸ್ವರಲಿಪಿಯನ್ನು ಅಲ್ಲೇ ನುಡಿಸುವುದಕ್ಕೆ 21, ಕಿವಿಯ ಪರೀಕ್ಷೆಗೆ 18. ಪೀಸ್ ನುಡಿಸುವುದು ಎಲ್ಲರಿಗೂ ಪ್ರೀತಿ. ಸ್ಕೇಲ್ ಯಾರಿಗೂ ಬೇಡ. ಅದನ್ನು ಪುಸ್ತಕ ನೋಡದೆ, ಪರೀಕ್ಷಕರು ಕೇಳಿದ್ದನ್ನು ಕೇಳಿದ ಕ್ರಮದಲ್ಲಿ ನುಡಿಸಬೇಕು. ಕೆಲವನ್ನು ಸ್ವರಕ್ಕೊಂದು ಕಮಾನಿನಂತೆ ಬಿಡಿಬಿಡಿಯಾಗಿ, ಕೆಲವನ್ನು ಒಂದೇ ಎಳೆತದಲ್ಲಿ ಕೂಡಿಸಿ. ಪ್ರತಿ ವಿಭಾಗದಲ್ಲೂ ಪಾಸಾಗಲೇಬೇಕೆಂಬ ನಿಯಮವಿಲ್ಲ, ಒಟ್ಟು 100 ಬಂದರೆ ಸಾಕು ಎಂದು ತಿಳಿದ ದಿನ ನನ್ನೊಳಗಿನ ಬ್ಯಾಂಕಿನವನು ಎಚ್ಚೆತ್ತ. ಊಟದ ವಿರಾಮದಲ್ಲಿ ಸಹೋದ್ಯೋಗಿಯೊಬ್ಬರೊಂದಿಗೆ ಕೂತು ಲೆಕ್ಕ ಹಾಕಿದೆವು. ಪೀಸ್ ಒಂದಕ್ಕೆ 24ರಂತೆ 72. ಸ್ವರಲಿಪಿಗೆ ಕನಿಷ್ಠ ಉತ್ತೀರ್ಣ ಅಂಕ 14. ಕಿವಿಗೆ 12. ಒಟ್ಟು 98. ಸಹೋದ್ಯೋಗಿ ಕ್ಯಾಲ್ಕುಲೇಟರನ್ನು ಇನ್ನೊಮ್ಮೆ ಒತ್ತಿ ನೋಡಿದರು, ಆಗಲೂ 98. ಎರಡೇ ಎರಡು ಅಂಕಕ್ಕಾಗಿ ನಾನು ಎಲ್ಲ ಸ್ಕೇಲ್‌ಗಳನ್ನೂ ಕಲಿಯಬೇಕಾಯಿತು. ಮಂಡಳಿಯವರು ನೂರಕ್ಕೂ ಹೆಚ್ಚು ವರ್ಷ ಸುಮ್ಮನೆ ಕೂತಿಲ್ಲ.

ಮಂಗಳೂರಿನದೇ ವೆಲೆನ್ಸಿಯಾ ಬಡಾವಣೆಯಲ್ಲಿರುವ ನಮ್ಮ ಮಾಸ್ಟ್ರು ಒಂದು ಉಪಾಯ ಹೇಳಿಕೊಟ್ಟರು. ಸ್ಕೇಲ್‌ಗಳ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಮನೆಯವರು ಎತ್ತಿದ್ದನ್ನು ನುಡಿಸಬೇಕು. ಸಂಖ್ಯೆ ಎತ್ತಿ ಕೂಗುವ ಹೌಸಿ ಆಟದಲ್ಲಿ ಪಳಗಿದ ಊರು ನಮ್ಮದು. ನಮ್ಮ ಮನೆಯಲ್ಲಿ ಇದು ಸಂಜೆಯ ಮನರಂಜನೆಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಮಗ ಚೀಟಿ ಎತ್ತಿದಾಗಲೆಲ್ಲ ನನಗೆ ಬಾರದ ಇ ಫ್ಲಾಟ್ ಮೇಜರೇ ಬರುತ್ತಿತ್ತು. ವಿಚಾರಿಸಿದರೆ ಆ ಚೀಟಿಯ ಮೂಲೆಯನ್ನು ಅವನು ಮೊದಲೇ ಮಡಚಿ ಗುರುತು ಮಾಡಿಟ್ಟಿದ್ದ. ಕೆಳಗಿನ ಮನೆಯ ಬಾಯಮ್ಮ ನಮ್ಮಲ್ಲಿಗೆ ಮೊಸರಿನ ಹೆಪ್ಪಿಗೆಂದು ಬಂದವರು, ತಾವೂ ಒಂದು ಎತ್ತುತ್ತೇನೆಂದು ಎತ್ತಿ, ಚೀಟಿ ಓದಲು ಕನ್ನಡಕ ತರಲು ಮನೆಗೆ ಹೋಗಿ, ಅಲ್ಲಿ ಧಾರಾವಾಹಿ ಶುರುವಾದದ್ದರಿಂದ ಹಿಂದಿರುಗಲೇ ಇಲ್ಲ. ಎ ಮೈನರ್ ಆ ವಾರವೆಲ್ಲ ಅವರ ಟಿವಿಯ ಮೇಲೆಯೇ ಇತ್ತು. ಹೆಪ್ಪನ್ನು ಮಾತ್ರ ಮರೆಯದೆ ತೆಗೆದುಕೊಂಡು ಹೋಗಿದ್ದರು.

ನಿಜವಾದ ಕದನ ಹೊತ್ತಿಕೊಂಡದ್ದು ಈ ಮೈನರ್‌ಗಳ ವಿಚಾರದಲ್ಲಿ. ಮೇಜರ್ ಸ್ಕೇಲ್‌ಗೆ ಅತ್ತೆಯ ತಕರಾರು ಇರಲಿಲ್ಲ. ಅದು ಶಂಕರಾಭರಣ ರಾಗ; ಗಮಕವಿಲ್ಲದ್ದರಿಂದ ಬೋಳು ಬೋಳಾಗಿ ಕೇಳಿಸುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗಿದ್ದರು. ಮೈನರ್‌ನಲ್ಲಿ ಪರೀಕ್ಷೆಗೆ ಬೇಕಾದವು ಎರಡು ಬಗೆ. ಹಾರ್ಮೋನಿಕ್ ಎಂಬುದು ನಮ್ಮ ಕೀರವಾಣಿ. ಮೆಲೋಡಿಕ್ ಎಂಬುದು ಏರುವಾಗ ಗೌರಿಮನೋಹರಿ, ಇಳಿಯುವಾಗ ನಟಭೈರವಿ. ಎಲ್ಲವೂ ನಮ್ಮ ಮೇಳಗಳು, ಅಂದರೆ ಸಂಖ್ಯೆ ಹಚ್ಚಿದ ಮೂಲರಾಗಗಳು. ನನ್ನ ಹಂತದಲ್ಲಿ ಯಾವುದನ್ನು ನುಡಿಸಬೇಕೆಂಬ ಆಯ್ಕೆ ಪರೀಕ್ಷೆ ಬರೆಯುವವನದು. ಕೀರವಾಣಿಯಲ್ಲಿ ಧೈವತದಿಂದ ನಿಷಾದಕ್ಕೆ ಒಂದು ದೊಡ್ಡ ಜಿಗಿತವಿದೆ. ವಯೋಲಾದ ಅಗಲವಾದ ಅಂತರದಲ್ಲಿ ನನ್ನ ಗಿಡ್ಡ ಬೆರಳಿಗೆ ಅದು ಎಟಕುವುದಿಲ್ಲ. ಹಾಗಾಗಿ ಮಾಸ್ಟ್ರು ಮೆಲೋಡಿಕ್ ಸಾಕು ಎಂದರು.

ಮೊದಲ ಸಲ ಮನೆಯಲ್ಲಿ ಅದನ್ನು ನುಡಿಸಿದಾಗ ಅತ್ತೆ ಒಳಗೆ ಹರಿವೆ ಸೊಪ್ಪು ಸೋಸುತ್ತಿದ್ದರು. ಏರಿಕೆ ಮುಗಿಯುವವರೆಗೆ ತಲೆ ಆಡಿಸಿದರಂತೆ. ಇದು ನನ್ನ ಹೆಂಡತಿಯ ಸಾಕ್ಷ್ಯ. ಇಳಿಯಲು ಶುರು ಮಾಡಿದ್ದೇ ತಡ, ಸೊಪ್ಪು ಹಿಡಿದುಕೊಂಡೇ ಹೊರಗೆ ಬಂದರು.

"ಎಂಥದು ಮಾಣಿ ಇದು? ಹೋಗುವಾಗ ಇಪ್ಪತ್ತಮೂರನೇ ಮೇಳ, ಬರುವಾಗ ಇಪ್ಪತ್ತನೇ ಮೇಳ. ಕಾರ್ಕಳದ ಬಸ್ಸಿನಲ್ಲಿ ಹೋಗಿ ಕುಂದಾಪುರದ ಬಸ್ಸಿನಲ್ಲಿ ಬಂದ ಹಾಗಾಯಿತು."

"ಅವರ ಕ್ರಮ ಹಾಗೆಯೇ ಅತ್ತೆ."

"ನಡುವೆ ಕೀರವಾಣಿಯೂ ಖರಹರಪ್ರಿಯವೂ ಬಾಗಿಲು ತೆರೆದು ಕೂತಿವೆ. ಅವುಗಳನ್ನೂ ಮಾತಾಡಿಸಿಕೊಂಡು ಬರಬಹುದಿತ್ತಲ್ಲ?"

ನಾನು ಅಂದು ರಾತ್ರಿ ಯೋಚಿಸಿ, ಮರುದಿನ ಕಾಫಿಯ ಹೊತ್ತಿಗೆ ಅಸ್ತ್ರ ಹೊರತೆಗೆದೆ. ಭೈರವಿಯಲ್ಲೂ ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ ಬರುತ್ತದಲ್ಲ, ಅದಕ್ಕಿಲ್ಲದ ಆಕ್ಷೇಪ ಇದಕ್ಕೇಕೆ ಎಂದು ಕೇಳಿದೆ. ಅತ್ತೆ ಲೋಟವನ್ನು ಕೆಳಗಿಟ್ಟರು. "ಭೈರವಿಯ ಹೆಸರು ನಿನ್ನ ಬಾಯಲ್ಲಿ ಬರಬಾರದು" ಎಂದರು. ಆದರೆ ಅಂದಿನಿಂದ ಅವರಿಗೆ ಈ ಸ್ಕೇಲಿನ ಮೇಲೆ ಒಂದು ಬಗೆಯ ಹಟ ಬಂತು. ನಾನು ಪೆಟ್ಟಿಗೆ ತೆರೆದ ಕೂಡಲೇ ಶ್ರುತಿಪೆಟ್ಟಿಗೆ ಹಾಕಿ ಎದುರು ಕೂರುತ್ತಿದ್ದರು. ಷಡ್ಜದಲ್ಲೋ ಪಂಚಮದಲ್ಲೋ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎಡಗೈಯನ್ನು ಮೇಲಕ್ಕೋ ಕೆಳಕ್ಕೋ ಆಡಿಸುತ್ತಿದ್ದರು, ಮಾತಿಲ್ಲ. ಲಂಡನ್ನಿನ ಯಾವ ಪರೀಕ್ಷಕರಿಗೂ ಈ ಕೈಯಷ್ಟು ಹೆದರಬೇಕಾದದ್ದಿಲ್ಲ.

ಇದರ ನಡುವೆ ಮಳೆ ಹಿಡಿಯಿತು. ನಮ್ಮ ಮಳೆಯ ಬಗ್ಗೆ ಕವಿತೆ ಬರೆದವರು ಯಾರೂ ತಂತಿವಾದ್ಯ ಇಟ್ಟುಕೊಂಡವರಲ್ಲ ಎಂದು ನನ್ನ ಗುಮಾನಿ. ಜೂನ್ ಬಂತೆಂದರೆ ಮರ ತೇವ ಹೀರಿ ಉಬ್ಬುತ್ತದೆ. ತಂತಿ ಬಿಗಿಯುವ ಬಿರಡೆ ಕಚ್ಚಿಕೊಂಡು ಕೂರುತ್ತದೆ. ಹಗುರವಾಗಿ ತಿರುಗಿಸಿದರೆ ಅಲುಗುವುದಿಲ್ಲ. ಜೋರು ಮಾಡಿದರೆ ಒಮ್ಮೆಲೇ ಅರ್ಧ ಸುತ್ತು ತಿರುಗಿ, ಎ ತಂತಿ ಟಣ್ಣೆಂದು ಹರಿದು ಮೂಗಿನ ಪಕ್ಕದಲ್ಲಿ ಹಾದುಹೋಗುತ್ತದೆ. ತಂತಿ ಕೊಳ್ಳಲು ಹಂಪನಕಟ್ಟೆಯ ಕಡೆ ಹೋಗಿ ವಿಚಾರಿಸಿದರೆ ಅಂಗಡಿಯವರು ಪಿಟೀಲಿನ ತಂತಿಯನ್ನು ಮುಂದಿಟ್ಟು, "ಇದನ್ನೇ ಸ್ವಲ್ಪ ಎಳೆದು ಹಾಕಿ, ಸುಧಾರಿಸುತ್ತದೆ" ಎಂದರು.

ಕಮಾನಿನ ಕಥೆ ಇನ್ನೊಂದು. ಅದರಲ್ಲಿರುವುದು ಕುದುರೆಯ ಬಾಲದ ಕೂದಲು. ಗಾಳಿಯಲ್ಲಿ ತೇವ ಹೆಚ್ಚಿದ ಹಾಗೆ ಕೂದಲು ಉದ್ದವಾಗುತ್ತದೆ. ಬುಡದ ತಿರುಪನ್ನು ಕೊನೆಯವರೆಗೆ ಬಿಗಿದರೂ ಜುಲೈಯಲ್ಲಿ ನನ್ನ ಕಮಾನಿನ ಕೂದಲು ಜೋತುಬಿದ್ದೇ ಇತ್ತು. ಒತ್ತಿದರೆ ಕೋಲು ತಂತಿಗೆ ತಾಗಿ ಕಟಕಟ ಎನ್ನುತ್ತಿತ್ತು. ಅತ್ತೆ ಅದನ್ನು ಒಲೆಯ ಬದಿಯಲ್ಲಿ, ಹಪ್ಪಳ ಬೆಚ್ಚಗಿಡುವ ಜಾಗದಲ್ಲಿ ಇಡಲು ಸೂಚಿಸಿದರು. ಮಾಸ್ಟ್ರು ಕೇಳಿದರೆ ನನ್ನನ್ನೇ ಒಲೆಗೆ ಹಾಕಿಯಾರೆಂದು ಬೇಡವೆಂದೆ. ಪೆಟ್ಟಿಗೆಯಲ್ಲಿ ತೇವ ಹೀರುವ ಪುಡಿಯ ಪೊಟ್ಟಣಗಳನ್ನು ತುಂಬಿದೆ. ಮನೆಗೆ ಬಂದ ಹೊಸ ಚಪ್ಪಲಿ, ಹೊಸ ಚೀಲಗಳೆಲ್ಲ ತಮ್ಮ ಪೊಟ್ಟಣಗಳನ್ನು ವಯೋಲಾಕ್ಕೆ ದಾನ ಮಾಡಿದವು. ಕಮಾನಿನ ಕೂದಲಿಗೆ ಉಜ್ಜುವ ರೋಸಿನ್ ಹರಳನ್ನು ಮಳೆಯಿಂದ ಉಳಿಸಲೆಂದು ಸ್ಕೂಟರಿನ ಸೀಟಿನಡಿ ಇಟ್ಟಿದ್ದೆ. ಆ ಮಧ್ಯಾಹ್ನವೇ ಬಿಸಿಲು ಕಾದು ಅದು ಕರಗಿ, ವಿಮೆಯ ಕಾಗದಕ್ಕೆ ಅಂಟಿಕೊಂಡಿತು. ಮುಂದೆ ಪೊಲೀಸರು ತಡೆದಾಗ ಕಾಗದವನ್ನು ಬಿಡಿಸಲಾಗದೆ ಹರಳಿನ ಸಮೇತ ತೋರಿಸಬೇಕಾಯಿತು. ಅವರು ಮೂಸಿ ನೋಡಿ ಹಿಂದಿರುಗಿಸಿದರು.

ಪೀಸ್‌ಗಳಿಗೆ ಪಿಯಾನೋ ಸಾಥ್ ಬೇಕು. ನನಗೆ ಸಾಥ್ ಕೊಡುವವರು ಚರ್ಚಿನಲ್ಲಿ ಆರ್ಗನ್ ನುಡಿಸುವ ತರುಣಿ. ಕರಾವಳಿಯ ಕ್ರೈಸ್ತರ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಹತ್ತಿರ ಬಂದಂತೆ ಆಕೆ ಸಿಗುವುದೇ ದುರ್ಲಭವಾಯಿತು. ಸಿಕ್ಕ ಹತ್ತು ನಿಮಿಷಗಳಲ್ಲಿ, ಹಬ್ಬದ ಹಾಡುಗಳನ್ನೇ ನುಡಿಸಿ ಪಳಗಿದ ಆಕೆಯ ಬೆರಳುಗಳು ನನ್ನ ಗವೋಟ್ ನೃತ್ಯವನ್ನೂ ಭಕ್ತಿಭಾವದಿಂದ ನಿಧಾನವಾಗಿ ನುಡಿಸಿದವು. ನನಗೆ ಅದೇ ಅನುಕೂಲವಾಗಿತ್ತು.

ಇಷ್ಟೆಲ್ಲ ತಾಪತ್ರಯವೇಕೆ, ಮನೆಯಲ್ಲೇ ವಿಡಿಯೋ ಮಾಡಿ ಕಳುಹಿಸುವ ಪರೀಕ್ಷೆಯೂ ಇದೆಯಲ್ಲ ಎಂದು ಕೆಲವರು ಕೇಳಿದರು. ಇದೆ, 2020ರಲ್ಲಿ ಬಂದದ್ದು. ಅದರಲ್ಲಿ ನಾಲ್ಕು ಪೀಸ್‌ಗಳನ್ನು ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ ನುಡಿಸಬೇಕು. ಸ್ಕೇಲ್ ಇಲ್ಲವೇ ಇಲ್ಲ! ಆಸೆಯಿಂದ ಒಂದು ಭಾನುವಾರ ಮೊಬೈಲನ್ನು ಪುಸ್ತಕಗಳ ಮೇಲೆ ನಿಲ್ಲಿಸಿ ಪ್ರಯೋಗ ಮಾಡಿದೆ. ಮೊದಲ ಪೀಸಿನಲ್ಲಿ ಕುಕ್ಕರ್ ಕೂಗಿತು. ಎರಡನೆಯದರಲ್ಲಿ ಕರೆಂಟು ಹೋಗಿ ನಾನು ಕತ್ತಲಲ್ಲಿ ಮಾಯವಾದೆ. ಮೂರನೆಯದರಲ್ಲಿ ಮೀನಿನವರ ಹಾರ್ನ್ ನನಗಿಂತ ಶ್ರುತಿಬದ್ಧವಾಗಿ ಕೇಳಿಸಿತು. ನಾಲ್ಕನೆಯದರಲ್ಲಿ ಕ್ಯಾಮೆರಾದ ಮುಂದೆ ಅತ್ತೆಯ ಎಡಗೈ ಮಾತ್ರ ಬಂದು ಕೆಳಕ್ಕೆ, ಇನ್ನೂ ಕೆಳಕ್ಕೆ ಎಂದು ಆಡಿತು. "ಸ್ವರಾವಳಿ ಕೇಳದೆ ಪಾಸು ಮಾಡುವುದು ಎಂಥ ಪರೀಕ್ಷೆ?" ಎಂದು ಅವರು ಆ ದಾರಿಯನ್ನೇ ಮುಚ್ಚಿಬಿಟ್ಟರು.

ಪರೀಕ್ಷೆಯ ದಿನ ರಿಕ್ಷಾ ಸಿಗದೆ ಬಸ್ಸಿನಲ್ಲಿ ಹೋದೆ. ನಿರ್ವಾಹಕ "ದುಂಬು ಪೋಲೆ, ದುಂಬು ಪೋಲೆ" ಎಂದು ತುಳುವಿನಲ್ಲಿ ಮುಂದಕ್ಕೆ ಅಟ್ಟುತ್ತ ನನ್ನನ್ನೂ ವಯೋಲಾವನ್ನೂ ಚಾಲಕನ ಬೆನ್ನಿನವರೆಗೆ ಸಾಗಿಸಿದ. ಕೇಂದ್ರದ ಕಾಯುವ ಕೋಣೆಯಲ್ಲಿ ನನ್ನ ಸಹಪಾಠಿಗಳೆಲ್ಲ ಕುರ್ಚಿಯಿಂದ ಕಾಲು ನೆಲಕ್ಕೆ ತಾಗದವರು. ಪಕ್ಕದ ಹುಡುಗಿ ನನ್ನನ್ನು ಬಹಳ ಹೊತ್ತು ನೋಡಿ, "ಅಂಕಲ್, ನೀವು ಯಾರನ್ನು ಕರೆದುಕೊಂಡು ಬಂದಿದ್ದೀರಿ?" ಎಂದು ಕೇಳಿದಳು. ಹೊರಗೆ ಬೆಂಚಿನ ಮೇಲೆ ಶ್ರುತಿಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅತ್ತೆಯನ್ನು ತೋರಿಸಿದೆ. ಅವರು ನನಗಿಂತ ಮೊದಲೇ ಹೆಂಡತಿಯ ಜೊತೆ ಬಂದು ಸೇರಿದ್ದರು. ಹುಡುಗಿಗೆ ಸಮಾಧಾನವಾಯಿತು. "ಆಂಟಿಗೆ ಯಾವ ಗ್ರೇಡ್?" ಎಂದಳು.

ಒಳಗೆ ನಡೆದದ್ದು ಬೇಗ ಮುಗಿಯಿತು. ಪರೀಕ್ಷಕರು ಸೌಮ್ಯ ಸ್ವಭಾವದವರು. ಇ ಫ್ಲಾಟ್ ಮೇಜರ್ ಕೇಳಿದರು. ಮಗನ ಕುತಂತ್ರದ ದಯೆಯಿಂದ ಬಂತು. ಮೆಲೋಡಿಕ್ ಮೈನರ್ ಕೇಳಿದರು. ಕಣ್ಣು ಮುಚ್ಚಿ, ಕಾಣದ ಎಡಗೈಯೊಂದನ್ನು ನೋಡುತ್ತ ನುಡಿಸಿದೆ.

ಫಲಿತಾಂಶ ಬಂತು. ಪಾಸು. ಸ್ಕೇಲ್‌ಗಳಿಗೆ 21ರಲ್ಲಿ 17. ಪೀಸ್‌ಗಳು ನಾನೂ ಸಹೋದ್ಯೋಗಿಯೂ ಲೆಕ್ಕ ಹಾಕಿದಷ್ಟು ತಂದಿರಲಿಲ್ಲವಾದ್ದರಿಂದ ಈ 17 ಇಲ್ಲದಿದ್ದರೆ ನನ್ನ ಗತಿ ಹೇಳುವಂತಿರಲಿಲ್ಲ. ಪರೀಕ್ಷಕರ ಟಿಪ್ಪಣಿಯನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ: ಶ್ರುತಿ ಚೆನ್ನಾಗಿದೆ, ಮೈನರ್‌ನಲ್ಲಿ ಇಳಿಯುವಾಗ ಸ್ವಲ್ಪ ಅವಸರ.

"ಉಳಿದ ನಾಲ್ಕು ಅಂಕ ಎಲ್ಲಿಗೆ ಹೋಯಿತೆಂದು ಈಗ ಗೊತ್ತಾಯಿತಲ್ಲ" ಎಂದರು ಅತ್ತೆ. "ನಟಭೈರವಿಯಲ್ಲಿ ಯಾರಾದರೂ ಓಡುತ್ತಾರೆಯೇ? ತೆಗೆ ಪೆಟ್ಟಿಗೆ."