ಸತ್ಯಾಂಶ: ಶೇ 10ರಷ್ಟು ನಕಲಿಗೆ ಯುಜಿಸಿ ಅನುಮತಿ ನೀಡಿದೆಯೇ?

‘ಪ್ರಬಂಧದಲ್ಲಿ ಶೇ 10ರವರೆಗೆ ನಕಲು ಮಾಡಲು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಅನುಮತಿ ಕೊಟ್ಟಿದೆ, ಅದರೊಳಗಿದ್ದರೆ ಯಾವ ಜರ್ನಲ್ ಕೂಡ ಪ್ರಶ್ನಿಸುವಂತಿಲ್ಲ’ ಎಂಬ ಸಂದೇಶ ಸಂಶೋಧನಾ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಯುಜಿಸಿಯ 2018ರ ನಿಯಮಾವಳಿಯು ಶೇ 10ರವರೆಗಿನ ಸಣ್ಣಪುಟ್ಟ ಹೋಲಿಕೆಗೆ ದಂಡನೆ ಇಲ್ಲವೆಂದು ಹೇಳುತ್ತದೆಯೇ ಹೊರತು, ಅಷ್ಟನ್ನು ಕದಿಯಬಹುದೆಂದು ಎಲ್ಲಿಯೂ ಹೇಳುವುದಿಲ್ಲ. ಸಾರಾಂಶ, ಪ್ರಾಕ್ಕಲ್ಪನೆ (ಪರೀಕ್ಷೆಗೆ ಒಡ್ಡುವ ಊಹೆ), ಅವಲೋಕನ, ಫಲಿತಾಂಶ, ತೀರ್ಮಾನಗಳಲ್ಲಿ ಹೋಲಿಕೆ ಇರಲೇಬಾರದು ಎಂಬುದು ಅದೇ ನಿಯಮಾವಳಿಯ ಮಾತು. ಈ ಭಾಗಗಳಲ್ಲಿ ಸಾಮಾನ್ಯ ತಿಳಿವಳಿಕೆಯ ಸಂಗತಿಗಳಿಗೆ ಮತ್ತು ಸತತ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆಗೆ ಮಾತ್ರ ವಿನಾಯಿತಿಯಿದೆ. ಸಂದೇಶ ಬರೆದವರು ಈ ಭಾಗವನ್ನು ಕೈಬಿಟ್ಟಿರುವುದು ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಅದನ್ನು ನಂಬಿದ ವಿದ್ಯಾರ್ಥಿಯೇ ಮುಂದೆ ಬೆಲೆ ತೆರಬೇಕಾಗುತ್ತದೆ.

ಬೇರೆ ಬರಹಗಳೊಂದಿಗಿನ ಹೋಲಿಕೆಯನ್ನು ಹುಡುಕುವ ತಂತ್ರಾಂಶ ಕೊಡುವ ಶೇಕಡಾವಾರು ಅಂಕಿ ಪದಗಳ ಹೋಲಿಕೆಯನ್ನಷ್ಟೇ ಅಳೆಯುತ್ತದೆ. ಉದ್ಧರಣ ಚಿಹ್ನೆಯೊಳಗಿಟ್ಟು ಮೂಲವನ್ನು ಹೆಸರಿಸಿದ ಸಾಲುಗಳಿಂದಲೂ ಅದು ಹೆಚ್ಚಬಹುದು. ಬೇರೊಬ್ಬರ ದತ್ತಾಂಶವನ್ನೋ ವಿಚಾರವನ್ನೋ ಮಾತು ಬದಲಿಸಿ ಬರೆದಾಗ, ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ತನ್ನದೆಂದಾಗ, ಆ ಅಂಕಿ ಶೂನ್ಯಕ್ಕೆ ಹತ್ತಿರವಿದ್ದರೂ ಕೃತಿಚೌರ್ಯ ಕೃತಿಚೌರ್ಯವೇ. ಆದ್ದರಿಂದ ಹೊಣೆಯರಿತ ಸಂಪಾದಕರು ಅಂಕಿಯನ್ನಷ್ಟೇ ನೋಡದೆ ತಂತ್ರಾಂಶದ ವರದಿಯ ಸಾಲುಗಳನ್ನು ಓದಿ, ಅನುಮಾನ ಬಂದರೆ ಮೊದಲು ಲೇಖಕರಿಂದ ವಿವರಣೆ ಕೇಳುತ್ತಾರೆ. ಪ್ರಕಟವಾದ ಬಳಿಕ ಗಂಭೀರ ಕೃತಿಚೌರ್ಯ ದೃಢಪಟ್ಟರೆ, ಕಾರಣವನ್ನು ತಿಳಿಸುವ ಪ್ರಕಟಣೆಯೊಂದಿಗೆ ಲೇಖನವನ್ನು ಹಿಂಪಡೆಯುತ್ತಾರೆ.

ಇನ್ನು ಯುಜಿಸಿಯ ಅದೇ ನಿಯಮಾವಳಿಯ ಪ್ರಕಾರ, ಪಿಎಚ್‌ಡಿ ಪ್ರಬಂಧದಲ್ಲಿ ಹೋಲಿಕೆ ಶೇ 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ.