ಮಾವನ ಚಾವಡಿಯಲ್ಲಿ ಡಬಲ್ ಬಾಸ್

ನಮ್ಮ ಕಡೆ ಹಿಂದೆ ಅಳಿಯಸಂತಾನ ಕಟ್ಟಿನ ಪ್ರಕಾರ ಮಾವನ ಆಸ್ತಿ ಸೋದರಳಿಯನಿಗೆ ಹೋಗುತ್ತಿತ್ತು. ಕದ್ರಿಯ ನಮ್ಮ ಮನೆಯಲ್ಲಿ ಈಗ ಅಳಿಯನ ಆಸ್ತಿಯೇ ಮಾವನ ಪಾಲಿಗೆ ಬಂದಿದೆ. ಅದರ ಎತ್ತರ ಸುಮಾರು ಆರು ಅಡಿ, ಹೆಸರು ಡಬಲ್ ಬಾಸ್, ನೋಡಲು ವಯೊಲಿನ್ನಿನ ಹಿರಿಯಣ್ಣನಂಥ ತಂತಿವಾದ್ಯ. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿತು ಬಂದ ಅಕ್ಕನ ಮಗ, ತನ್ನ ಫ್ಲ್ಯಾಟಿನ ಲಿಫ್ಟಿನಲ್ಲಿ ವಾದ್ಯ ಹಿಡಿಸಿದರೆ ತಾನು ಹಿಡಿಸುವುದಿಲ್ಲವೆಂಬ ಕಾರಣ ಕೊಟ್ಟು, ಅದನ್ನು ನಮ್ಮ ಚಾವಡಿಯ ಮೂಲೆಯಲ್ಲಿ ನಿಲ್ಲಿಸಿದ್ದಾನೆ. ಆರ್ಕೆಸ್ಟ್ರಾದಲ್ಲಿ ಹಿಂದೆ ನಿಂತು ಎಲ್ಲರಿಗೂ ಆಧಾರ ಕೊಡುವುದು ಈ ವಾದ್ಯದ ಕೆಲಸ. ಅದನ್ನು ಮುಂದೆ ತಂದು, ಆರ್ಕೆಸ್ಟ್ರಾವನ್ನು ಹಿಂದೆ ಕೂರಿಸಿ, ಕನ್ಚೆರ್ಟೊ, ಅಂದರೆ ಒಂಟಿ ವಾದ್ಯವೇ ಮುಖ್ಯವಾಗಿರುವ ಕೃತಿ, ನುಡಿಸಬೇಕೆಂಬುದು ಅಳಿಯನ ಹಟ.

ಮುಂದೆ ತರುವ ಕಷ್ಟ ಗೇಟಿನಲ್ಲಿಯೇ ಆರಂಭವಾಗುತ್ತದೆ. "ಎಂತ ಮಾರಾಯ್ರೆ, ಇದನ್ನು ಕೂರಿಸುವುದಾ, ಮಲಗಿಸುವುದಾ?" ಎಂದು ಕೇಳದ ರಿಕ್ಷಾ ಚಾಲಕರು ಮಂಗಳೂರಿನಲ್ಲಿ ನನಗಿನ್ನೂ ಸಿಕ್ಕಿಲ್ಲ. ಮಲಗಿಸಿದರೆ ಕುತ್ತಿಗೆ ಒಂದು ಬದಿಯಿಂದ ಹೊರಗೆ ಚಾಚುತ್ತದೆ, ಆ ಬದಿಯ ಟರ್ಪಾಲು ಇಳಿಸಲಾಗುವುದಿಲ್ಲ, ಆಟಿ ತಿಂಗಳ ಮಳೆಯಂತೂ ಯಾರ ಮುಖವನ್ನೂ ನೋಡುವುದಿಲ್ಲ. ಕಂಕನಾಡಿಯಲ್ಲಿ ಒಮ್ಮೆ ಪಕ್ಕದ ಸ್ಕೂಟರಿನ ಹಿರಿಯರೊಬ್ಬರು ಹೊರಚಾಚಿದ ಆ ತಲೆಯನ್ನು ಬಹಳ ಸಭ್ಯತೆಯಿಂದ ಒಳಕ್ಕೆ ತಳ್ಳಿದರು. ಅದು ಇನ್ನೊಂದು ಬದಿಯಲ್ಲಿ ನನ್ನನ್ನು ಅಷ್ಟೇ ಸಭ್ಯತೆಯಿಂದ ಹೊರಕ್ಕೆ ತಳ್ಳಿತು.

ಮನೆಯೊಳಗಿನ ಕಥೆ ಬೇರೆ. ವಾದ್ಯದ ಬುಡದಲ್ಲಿರುವ ಉಕ್ಕಿನ ಮೊನೆ ಟೈಲ್ಸ್ ನೆಲದಲ್ಲಿ ಜಾರುತ್ತದೆ, ಜಾರದಿದ್ದರೆ ಕೊರೆಯುತ್ತದೆ. ನನ್ನ ಹೆಂಡತಿ ಅದರ ಕೆಳಗೆ ತೆಂಗಿನ ಗೆರಟೆಯೊಂದನ್ನು ಇಟ್ಟು ನೋಡಿದಳು. ಮಂದ್ರಸ್ವರ ಹಿಡಿದೊಡನೆ ಗೆರಟೆ ತನ್ನದೇ ತಾಳ ಹಾಕತೊಡಗಿತು. ಕೊನೆಗೆ ನಾರಿನ ಕಾಲೊರಸು ಆ ಜಾಗಕ್ಕೆ ಬಂತು. ಅಷ್ಟರಲ್ಲಿ ಅಡುಗೆಮನೆಯಿಂದ ಉತ್ತರಗಳು ಬರಲಾರಂಭಿಸಿದ್ದವು: ಒಂದು ಸ್ವರಕ್ಕೆ ಇಡ್ಲಿ ಅಟ್ಟದ ಮುಚ್ಚಳ, ಅದರ ಮೇಲಿನದಕ್ಕೆ ಗಾಜಿನ ಕಪಾಟಿನ ಬಾಗಿಲು. ಯಾವ ತಂತಿಗೆ ಯಾವ ಪಾತ್ರೆ ಓಗೊಡುತ್ತದೆಂಬುದು ಈಗ ಅವಳಿಗೆ ಅಳಿಯನಿಗಿಂತ ಚೆನ್ನಾಗಿ ಗೊತ್ತಿದೆ.

ಅಡುಗೆಮನೆಗೆ ಇಷ್ಟು ಚೆನ್ನಾಗಿ ಕೇಳಿಸುವ ವಾದ್ಯ ಸಭೆಗೆ ಕೇಳಿಸುವುದಿಲ್ಲವೆಂಬುದೇ ಸೋಲೊ ವಾದಕನ ಸಂಕಟ. ಇದರ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ವಯೊಲಿನ್‌ನ ಕೆಳಗಿನ ತಂತಿ 196 ಸಲ. ಅಷ್ಟು ತಗ್ಗಿನ ನಾದಕ್ಕೆ ನಮ್ಮ ಕಿವಿ ಮಂದ, ಆರ್ಕೆಸ್ಟ್ರಾ ಸ್ವಲ್ಪ ಜೋರಾದರೂ ಅದು ಮುಳುಗಿಹೋಗುತ್ತದೆ. ಆದ್ದರಿಂದ ಸೋಲೊ ನುಡಿಸುವವರು ಹೆಬ್ಬೆರಳನ್ನೇ ತಂತಿಯ ಮೇಲೇರಿಸಿ, ತಂತಿಗಳನ್ನು ಹೊತ್ತ ಮರದ ಕುದುರೆಯತ್ತ ಬಗ್ಗಿ, ವಾದ್ಯದ ಮೇಲ್‌ಸ್ವರಗಳಲ್ಲಿ ಸಂಚರಿಸುತ್ತಾರೆ. ಅದಕ್ಕೂ ಮೊದಲು ನಾಲ್ಕೂ ತಂತಿಗಳನ್ನು ತೆಗೆದು, ತುಸು ತೆಳುವಾದ ಬೇರೆ ತಂತಿಗಳನ್ನು ಹಾಕಿ, ಶ್ರುತಿಯನ್ನು ಒಂದು ಪೂರ್ಣ ಸ್ವರದಷ್ಟು ಏರಿಸಿಕೊಳ್ಳುವ ಪದ್ಧತಿ ಇದೆ.

ಇಷ್ಟು ಕಷ್ಟದ ದಾರಿಯನ್ನು ಹಿರಿಯರು ತಾವಾಗಿಯೇ ಆರಿಸಿಕೊಂಡರೇ ಎಂದರೆ, ಅದೂ ಇಲ್ಲ. ಇಟಲಿಯ ಜೊವಾನ್ನಿ ಬೊತ್ತೆಸಿನಿ (1821–1889) ಮಿಲಾನಿನ ಸಂಗೀತಶಾಲೆಗೆ ಸೇರಲು ಹೋದಾಗ ಬಸೂನ್ ಎಂಬ ಊದುವ ವಾದ್ಯಕ್ಕೆ ಮತ್ತು ಡಬಲ್ ಬಾಸ್‌ಗೆ ಮಾತ್ರ ವಿದ್ಯಾರ್ಥಿವೇತನದ ಜಾಗ ಉಳಿದಿತ್ತು. ರಷ್ಯದ ಸೆರ್ಗೆ ಕುಸೆವಿಟ್ಸ್ಕಿ ಡಬಲ್ ಬಾಸ್ ಹಿಡಿದದ್ದೂ ವಿದ್ಯಾರ್ಥಿವೇತನದ ಆಸೆಗೇ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದೆ ಸಿವಿಲ್‌ಗೆ ಸೇರಿದ ಹುಡುಗರಂತೆ ಬಂದ ಇವರಿಬ್ಬರೂ ಆ ವಾದ್ಯದ ಮಹಾನ್ ವಾದಕರಾದರು, ಅದಕ್ಕಾಗಿ ಕನ್ಚೆರ್ಟೊಗಳನ್ನೂ ಬರೆದರು. ಆಮೇಲೆ ಬೊತ್ತೆಸಿನಿ 1871ರಲ್ಲಿ ಕೈರೊದಲ್ಲಿ 'ಐದಾ' ಒಪೆರಾದ ಮೊದಲ ಪ್ರದರ್ಶನದಲ್ಲಿ ಆರ್ಕೆಸ್ಟ್ರಾವನ್ನು ನಿರ್ದೇಶಿಸಿದರು, ಕುಸೆವಿಟ್ಸ್ಕಿ 1924ರಿಂದ 1949ರವರೆಗೆ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾವನ್ನು ನಡೆಸಿದರು. ಇದಕ್ಕೆ ವಿದ್ವಾಂಸರು ಯಾವ ಕಾರಣ ಕೊಟ್ಟರೂ ನನ್ನ ಅಭಿಪ್ರಾಯ ಒಂದೇ: ನಿರ್ದೇಶಕನ ಕೋಲನ್ನು ರಿಕ್ಷಾದಲ್ಲಿ ಟರ್ಪಾಲು ಇಳಿಸಿಕೊಂಡು ಒಯ್ಯಬಹುದು. ಹದಿನೆಂಟನೆಯ ಶತಮಾನದ ದೊಡ್ಡ ಸಂಗೀತಕಾರ ಹೈಡನ್ ಕೂಡ ಈ ವಾದ್ಯಕ್ಕೊಂದು ಕನ್ಚೆರ್ಟೊ ಬರೆದಿದ್ದು, ಅದು ಕಳೆದುಹೋಗಿ ಆರಂಭದ ಕೆಲವು ಸ್ವರಗಳಷ್ಟೇ ಉಳಿದಿವೆಯೆಂದು ಅಳಿಯ ದುಃಖದಿಂದ ಹೇಳಿದಾಗ, ಇಂಥದ್ದೂ ಕಳೆದುಹೋಗುವ ಸಾಧ್ಯತೆ ಇದೆಯೆಂದು ತಿಳಿದು ನನ್ನ ಹೆಂಡತಿಯ ಮುಖ ಅರಳಿತು.

ಅಳಿಯ ಆರಿಸಿಕೊಂಡದ್ದು ಬೊತ್ತೆಸಿನಿಯ ಎರಡನೆಯ ಕನ್ಚೆರ್ಟೊವನ್ನು. ಆರ್ಕೆಸ್ಟ್ರಾ ಎಂದರೆ ನಗರದ ಇಗರ್ಜಿಗಳ ಗಾಯನವೃಂದಗಳಲ್ಲಿ ವಯೊಲಿನ್ ನುಡಿಸುವ ಕೆಲವರು, ಒಂದೆರಡು ಚೆಲ್ಲೊ, ಉಳಿದ ಎಲ್ಲರ ಪರವಾಗಿ ಒಂದು ಕೀಬೋರ್ಡ್. ಈ ಕೃತಿಯಲ್ಲಿ ಒಂದು ತೊಡಕಿದೆ. ಶ್ರುತಿ ಏರಿಸಿದ ವಾದ್ಯದವನು ಎ ಮೈನರ್‌ನಲ್ಲಿ ಬರೆದದ್ದನ್ನು ಓದಿ ನುಡಿಸಿದರೆ ಸಭೆಗೆ ಕೇಳಿಸುವುದು ಒಂದು ಸ್ವರ ಮೇಲಿನ ಬಿ ಮೈನರ್. ಹಾಗಾಗಿ ಆರ್ಕೆಸ್ಟ್ರಾದ ಹಾಳೆಗಳು ಬಿ ಮೈನರ್‌ನಲ್ಲಿಯೇ ಇರಬೇಕು. ಶ್ರುತಿ ಏರಿಸದೆ ನುಡಿಸುವವರಿಗೆಂದು ಎ ಮೈನರ್‌ನ ಹಾಳೆಗಳೂ ಸಿಗುತ್ತವೆ, ಮತ್ತು ಜೆರಾಕ್ಸ್ ಆಗಿ ಬಂದದ್ದು ಅವೇ. ನಮ್ಮ ಯಕ್ಷಗಾನದ ಭಾಗವತರ ಲೆಕ್ಕದಲ್ಲಿ ಹೇಳುವುದಾದರೆ ಆರ್ಕೆಸ್ಟ್ರಾ ಬಿಳಿ ಆರರಲ್ಲಿಯೂ ಅಳಿಯ ಬಿಳಿ ಏಳರಲ್ಲಿಯೂ ಇದ್ದರು. ಅಭ್ಯಾಸದ ದಿನ ಅಳಿಯ ಕಣ್ಣು ಮುಚ್ಚಿ ಕಮಾನು ಎಳೆದ. ಮಿಕ್ಕವರು ಒಬ್ಬರನ್ನೊಬ್ಬರು ನೋಡಿದರು, ಆದರೆ ಹಾಳೆಯಲ್ಲಿ ಇದ್ದದ್ದನ್ನೇ ನುಡಿಸುತ್ತಿದ್ದುದರಿಂದ ಯಾರೂ ಬಿಟ್ಟುಕೊಡಲಿಲ್ಲ. ಊರಿನ ಮೇಳವೊಂದರಲ್ಲಿ ಮದ್ದಳೆ ಬಾರಿಸುತ್ತಿದ್ದ ಸಭಾಂಗಣದ ಕಾವಲುಗಾರರು ಬಾಗಿಲಿನವರೆಗೆ ಬಂದು, "ಧಣಿಗಳೇ, ಒಬ್ಬರಾದರೂ ಶ್ರುತಿಪೆಟ್ಟಿಗೆ ತಂದಿಲ್ಲವಾ?" ಎಂದು ವಿಚಾರಿಸಿದರು.

ಕೀಬೋರ್ಡಿನವರು ಒಂದು ಗುಂಡಿ ಒತ್ತಿ ಪಾರಾದರು, ವಯೊಲಿನ್‌ನವರು ಹಾಳೆಗಳನ್ನು ಕೈಯಲ್ಲಿಯೇ ಬರೆದುಕೊಂಡರು. ಕಛೇರಿಯ ಸಂಜೆ ನಿಧಾನಗತಿಯ ನಡುಭಾಗದಲ್ಲಿ ಅವರೆಲ್ಲ ತಗ್ಗಿದಾಗ ಅಳಿಯನ ವಾದ್ಯ ಕೊನೆಯ ಸಾಲಿನ ನಮಗೂ ಕೇಳಿಸಿತು, ಅದೂ ಗಂಡುದನಿಯ ಒಳ್ಳೆಯ ಹಾಡುಗಾರಿಕೆಯ ಹಾಗೆ. ಇದನ್ನು ನಾನು ಸಂಬಂಧಿಕನಾಗಿ ಹೇಳುತ್ತಿಲ್ಲ.

ಆ ಉತ್ಸಾಹದಲ್ಲಿ ಅಳಿಯ ಈಗ ಉಡುಪಿಯಲ್ಲೊಂದು ಕಾರ್ಯಕ್ರಮದ ಮಾತು ತೆಗೆದಿದ್ದಾನೆ. ಎಕ್ಸ್‌ಪ್ರೆಸ್ ಬಸ್ಸನ್ನು ನೆನೆದು ನಾವು ಮೌನವಾಗಿದ್ದಾಗ, ಎಡ್ಗರ್ ಮೇಯರ್ ಎಂಬ ಅಮೆರಿಕದ ಡಬಲ್ ಬಾಸ್ ವಾದಕರು ಝಾಕಿರ್ ಹುಸೇನ್, ಬೇಲಾ ಫ್ಲೆಕ್ ಮತ್ತು ರಾಕೇಶ್ ಚೌರಾಸಿಯಾ ಅವರ ಜೊತೆ ನುಡಿಸಿದ ಆಲ್ಬಂಗೆ 2024ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದದ್ದನ್ನು ವಿವರಿಸಿದ.

"ಅದರಲ್ಲಿ ಚೌರಾಸಿಯಾ ನುಡಿಸಿದ್ದು ಎಂತದು?" ಎಂದು ನನ್ನ ಹೆಂಡತಿ ಕೇಳಿದಳು.

"ಕೊಳಲು, ಅತ್ತೆ."

"ಅವರಿಗೂ ಪ್ರಶಸ್ತಿ ಬಂತಲ್ಲ?" ಎಂದಳು.