ಬೈದ್ರೆ ಬೈಸ್ಕೊಳ್ಳೋದೂ ಡ್ಯೂಟಿನೇ
ಮೊಬೈಲ್ ಮುಖಕ್ಕೆ ಹಿಡ್ದು ಪೊಲೀಸ್ರನ್ನ ಕೆಣಕೋರ ಬಗ್ಗೆ ಬರ್ದಿದೀರ, ಸರಿ, ಅವ್ರಲ್ಲಿ ಸುಮಾರು ಜನಕ್ಕೆ ಬೇಕಿರೋದು ನ್ಯಾಯ ಅಲ್ಲ ವ್ಯೂಸ್ ಅನ್ನೋದೂ ಒಪ್ತೀನಿ, ಹತ್ತು ನಿಮಿಷ ಹೆಸ್ರೇನು ನಂಬರೇನು ಅಂತ ಅದನ್ನೇ ಕೇಳಿ ಕೇಳಿ ತಲೆ ತಿಂದು ಕೊನೆಗೆ ಪೊಲೀಸ್ರು ಹೊಡಿಯೋಕೆ ಕೈ ಎತ್ತಿದ್ದಷ್ಟನ್ನೇ ಕಟ್ ಮಾಡಿ ಹಾಕ್ತಾರೆ. ಆದ್ರೆ ಕೈ ಎತ್ತಿದ್ದು ನಿಜ ತಾನೆ? ಬೈಗುಳ ಏಟಲ್ಲ ಸ್ವಾಮಿ. ತೀರಾ ಅಗತ್ಯ ಇದ್ರೆ ಮಾತ್ರ ಬಲ ಬಳಸ್ಬೇಕು ಅಂತ ವಿಶ್ವಸಂಸ್ಥೆ ಪೊಲೀಸ್ರಂಥೋರಿಗೆ ಅಂತ ಮಾಡಿರೋ 1979ರ ನೀತಿ ಸಂಹಿತೆಲೇ ಇದೆ, ಸಿಟ್ಟು ಬಂತು ಅನ್ನೋದು ಅಗತ್ಯ ಹೆಂಗಾಗುತ್ತೆ. ಒಂದು ವಿಡಿಯೋದಲ್ಲಿ ಪೊಲೀಸಮ್ಮ ಒಬ್ರು "ಮಾಡ್ಕೊಳ್ಳಿ ರೆಕಾರ್ಡು, ಸ್ವಲ್ಪ ಹಿಂದೆ ನಿಂತು ಮಾಡಿ" ಅಂದು ತಮ್ಮ ಪಾಡಿಗೆ ಬರೀತಾ ನಿಂತ್ರು, ಕ್ಯಾಮೆರಾದವ್ನಿಗೆ ಮುಂದಕ್ಕೆ ಮಾತೇ ಹೊರಡ್ಲಿಲ್ಲ.